ರಮ್ಯಕಾವ್ಯದಲ್ಲಿ ಪ್ರಕೃತಿಯ ಶಕ್ತಿ

ಕಾವ್ಯದಲ್ಲಿ ಪ್ರಕೃತಿಯೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ವರ್ಣನೆ. ನಮ್ಮ ಆಲಂಕಾರಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದರು. ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯಗಳಿಗೆ ಅವುಗಳಲ್ಲಿ ಗೌರವದ ಸ್ಥಾನವುಂಟು. ರಸಸಿದ್ಧಾಂತದ ಪರಿಭಾಷೆಯಲ್ಲಿ ಇವು ಉದ್ದೀಪನ ವಿಭಾವಗಳು. ಹೃದಯದಲ್ಲಿ ಮೊದಲೇ ಇರುವ ಭಾವವನ್ನು ಕೆರಳಿಸತಕ್ಕವು. ಪಂಪನಂಥ ಮಹಾಕವಿಯು ಹತ್ತನೆಯ ಶತಮಾನದಲ್ಲಿಯೇ ಬನವಾಸಿಯ ನೆಲಕ್ಕಾಗಿ ಮಿಡಿವ ಮನಸ್ಸನ್ನು ತೆರೆದಿಟ್ಟನೆಂಬುದು ನಿಜ. ಆದರೂ ಒಟ್ಟಿನ ಮೇಲೆ ಪ್ರಕೃತಿಯು ಮನುಷ್ಯನ ಕಥೆಗೆ ಹಿಂದಿನ ಪರದೆಯಾಗಿ ನಿಂತಿತ್ತು. ಯುರೋಪಿನ ಕಾವ್ಯದಲ್ಲಿಯೂ ಬಹುಕಾಲ ಸ್ಥಿತಿ ಇದಕ್ಕಿಂತ ತೀರ ಬೇರೆಯಾಗಿರಲಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವರು ಕವಿಗಳು ಈ ಪರದೆಯನ್ನು ರಂಗದ ನಡುವಿಗೆ ತಂದರು. ಅವರ ಕೈಯಲ್ಲಿ ಪ್ರಕೃತಿಯು ಅಲಂಕಾರವಾಗಿ ಉಳಿಯದೆ ಶಕ್ತಿಯಾಯಿತು. ಮನುಷ್ಯನನ್ನು ಬೆಳೆಸುವ, ಬೆದರಿಸುವ, ಗುಣಪಡಿಸುವ, ಕೆಲವೊಮ್ಮೆ ಅವನನ್ನು ಲೆಕ್ಕಿಸದೆ ನಡೆದುಬಿಡುವ ಶಕ್ತಿಯಾಯಿತು. ಈ ಪಂಥವನ್ನು ನಾವು ರಮ್ಯಪಂಥವೆನ್ನುತ್ತೇವೆ. ಆ ಶಕ್ತಿಯ ಅರಿವು ಆ ಕಾಲದಲ್ಲಿಯೇ ಏಕೆ ಮೂಡಿತು? ಅದು ಕಾವ್ಯಕ್ಕೆ ಇಳಿದುಬಂದ ಬಗೆ ಯಾವುದು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಸ್ವಲ್ಪ ವಿವೇಚಿಸೋಣ. ಜರ್ಮನಿ, ಫ್ರಾನ್ಸುಗಳಲ್ಲಿಯೂ ಇಂಥ ಚಳವಳಿಗಳು ನಡೆದುವಾದರೂ, ನಮ್ಮ ಹೊಸಗನ್ನಡ ಕವಿತೆಗೆ ನೇರವಾಗಿ ನಂಟಾದುದು ಇಂಗ್ಲಿಷ್ ಕಾವ್ಯವಾದ್ದರಿಂದ ನಮ್ಮ ದೃಷ್ಟಿಯನ್ನು ಅದಕ್ಕೇ ಸೀಮಿತಗೊಳಿಸುತ್ತೇವೆ.

ಮೊದಲು ಕಾಲದ ಸ್ಥಿತಿಯನ್ನು ನೋಡಬೇಕು. ೧೭೬೯ರಲ್ಲಿ ಜೇಮ್ಸ್ ವಾಟನು ತನ್ನ ಉಗಿಯಂತ್ರದ ಸುಧಾರಣೆಗೆ ಹಕ್ಕುಪತ್ರ ಪಡೆದನು. ೧೭೭೧ರಲ್ಲಿ ರಿಚರ್ಡ್ ಆರ್ಕ್‌ರೈಟನು ಕ್ರಾಂಫರ್ಡಿನಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯನ್ನು ಆರಂಭಿಸಿದನು. ಕೈರಾಟೆಯ ಕೆಲಸ ಮನೆಯಿಂದ ಗಿರಣಿಗೆ ಹೋಯಿತು. ಅದರ ಹಿಂದೆಯೇ ಜನವೂ ಹೋಯಿತು. ಇತ್ತ ಹಳ್ಳಿಗಳಲ್ಲಿ ಇನ್ನೊಂದು ಬದಲಾವಣೆ ನಡೆಯುತ್ತಿತ್ತು. ಊರೊಟ್ಟಿನ ಹುಲ್ಲುಗಾವಲು, ನಮ್ಮ ಮಾತಿನಲ್ಲಿ ಹೇಳುವುದಾದರೆ ಗೋಮಾಳ, ಬಡವನ ದನ ಮೇಯುವ, ಸೌದೆ ಆಯುವ ನೆಲವಾಗಿತ್ತು. ಪಾರ್ಲಿಮೆಂಟಿನ ಕಾಯಿದೆಗಳ ಬಲದಿಂದ ಇಂಥ ನೆಲಕ್ಕೂ ತೆರೆದ ಹೊಲಗಳಿಗೂ ಬೇಲಿ ಬಿದ್ದಿತು. ೧೬೦೪ರಿಂದ ೧೯೧೪ರವರೆಗೆ ಇಂಥ ಕಾಯಿದೆಗಳು ೫,೨೦೦ಕ್ಕೂ ಮೀರಿದುವು; ಬೇಲಿಯೊಳಗಾದ ನೆಲ ಸುಮಾರು ೬೮ ಲಕ್ಷ ಎಕರೆ. ಇವುಗಳಲ್ಲಿ ಬಹುಭಾಗ ಹದಿನೆಂಟನೆಯ ಶತಮಾನದ ಉತ್ತರಾರ್ಧಕ್ಕೂ ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೂ ಸೇರಿದುವು. ೧೮೫೧ರ ಜನಗಣತಿಯ ವೇಳೆಗೆ ಇಂಗ್ಲೆಂಡು ಮತ್ತು ವೇಲ್ಸುಗಳ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣವಾಸಿಗಳಾಗಿದ್ದರು. ಕಣ್ಣೆದುರಿಗೆ ಸದಾ ಇರುವ ವಸ್ತುವಿನ ಬೆಲೆ ಮನುಷ್ಯನಿಗೆ ತಿಳಿಯುವುದು ಅಪೂರ್ವ. ಇಂಗ್ಲೆಂಡಿನ ಕವಿಗೆ ಪ್ರಕೃತಿಯ ಶಕ್ತಿ ಕಂಡುದು ಅದು ಕೈತಪ್ಪುತ್ತಿದ್ದ ಗಳಿಗೆಯಲ್ಲಿ.

ಅಭಿರುಚಿಯ ನೆಲವೂ ಅಷ್ಟರಲ್ಲಿ ಹದವಾಗಿತ್ತು. ಹಿಂದಿನವರಿಗೆ ಬೆಟ್ಟವೆಂದರೆ ದಾರಿಗೆ ಅಡ್ಡವಾದ ಒರಟು ರಾಶಿ. ಅಂದವೆಂದರೆ ಕತ್ತರಿಸಿ ಅಚ್ಚುಕಟ್ಟಾಗಿಸಿದ ತೋಟ. ೧೭೫೭ರಲ್ಲಿ ಎಡ್ಮಂಡ್ ಬರ್ಕನು ಭವ್ಯ ಮತ್ತು ಸುಂದರಗಳ ಭೇದವನ್ನು ವಿಚಾರಮಾಡಿ, ಭಯವನ್ನು ಬೆರೆಸಿಕೊಂಡ ವಿಸ್ಮಯವೂ ಮನಸ್ಸಿಗೆ ಒಂದು ಬಗೆಯ ಆನಂದವನ್ನೇ ಕೊಡುತ್ತದೆಂದು ವಾದಿಸಿದನು. ಫ್ರಾನ್ಸಿನಲ್ಲಿ ರೂಸೋ ನಾಗರಿಕತೆಯ ಕೃತ್ರಿಮವನ್ನು ಖಂಡಿಸಿ ಸಹಜ ಜೀವನವನ್ನು ಕೊಂಡಾಡಿದನು. ೧೭೮೯ರ ಫ್ರೆಂಚ್ ಕ್ರಾಂತಿಯು, ಮನುಷ್ಯನು ಸ್ವಭಾವತಃ ಸ್ವತಂತ್ರನೆಂಬ ಭರವಸೆಯನ್ನು ತರುಣರ ಎದೆಯಲ್ಲಿ ಹೊತ್ತಿಸಿತು. ಆ ಭರವಸೆ ಹೊತ್ತಿದವರಲ್ಲಿ ಒಬ್ಬನು ವಿಲಿಯಂ ವರ್ಡ್ಸ್‌ವರ್ತ್.

ಅವನು ಹುಟ್ಟಿದುದು ೧೭೭೦ರಲ್ಲಿ, ಇಂಗ್ಲೆಂಡಿನ ವಾಯವ್ಯ ಮೂಲೆಯ ಸರೋವರಗಳ ನಾಡಿನ ಕಾಕರ್ಮತ್ ಎಂಬ ಪುಟ್ಟ ಪೇಟೆಯಲ್ಲಿ. ಸ್ಕಾಟ್ಲೆಂಡಿನ ಗಡಿಗೆ ಅದು ದೂರವಲ್ಲ. ಎಂಟು ವರ್ಷ ತುಂಬುವ ಹೊತ್ತಿಗೆ ತಾಯಿಯನ್ನೂ, ಹದಿಮೂರರಲ್ಲಿ ತಂದೆಯನ್ನೂ ಕಳೆದುಕೊಂಡ ಈ ಬಾಲಕನು ಹಾಕ್ಸ್‌ಹೆಡ್ಡಿನ ಶಾಲೆಯಲ್ಲಿ ಓದುತ್ತ ಬೆಟ್ಟ ಹೊಳೆಗಳ ಮಡಿಲಲ್ಲಿಯೇ ಬೆಳೆದನು. ತನ್ನ ಮನಸ್ಸು ಬೆಳೆದ ಕಥೆಯನ್ನು ಅವನು ಮುಂದೆ ‘ಪ್ರೆಲ್ಯೂಡ್’ ಎಂಬ ದೀರ್ಘ ಕಾವ್ಯದಲ್ಲಿ ಹೇಳಿದನು. ೧೮೦೫ರಲ್ಲಿ ಒಂದು ರೂಪಕ್ಕೆ ಬಂದ ಆ ಕಾವ್ಯವನ್ನು ಅವನು ಜೀವಮಾನವಿಡೀ ತಿದ್ದುತ್ತಲೇ ಇದ್ದನು. ಅದು ಅಚ್ಚಾದುದು ಅವನು ತೀರಿಕೊಂಡ ೧೮೫೦ರಲ್ಲಿ.

ಅದರಲ್ಲಿ ಬರುವ ಒಂದು ಪ್ರಸಂಗ ನಮ್ಮ ವಿಷಯಕ್ಕೆ ಮುಖ್ಯವಾದುದು. ಹುಡುಗನೊಬ್ಬನು ಬೇಸಗೆಯ ಸಂಜೆ ದಡದಲ್ಲಿ ಕಟ್ಟಿದ್ದ ಪರರ ದೋಣಿಯನ್ನು ಬಿಚ್ಚಿಕೊಂಡು ಸರೋವರದ ನಡುವಿಗೆ ಹುಟ್ಟುಹಾಕುತ್ತಾನೆ. ದೋಣಿ ದಡದಿಂದ ದೂರವಾದಂತೆ, ಹತ್ತಿರದ ದಿಣ್ಣೆಯ ಹಿಂದೆ ಅಡಗಿದ್ದ ದೊಡ್ಡದೊಂದು ಕಪ್ಪು ಬೆಟ್ಟ ಮೇಲೆದ್ದು ಬರುತ್ತದೆ. ಅವನು ಹುಟ್ಟನ್ನೆಳೆದಷ್ಟೂ ಅದು ಎತ್ತರವಾಗಿ, ಜೀವವಿದ್ದಂತೆ ಬೆನ್ನಟ್ಟಿ ಬರುವಂತೆ ತೋರುತ್ತದೆ. ಹುಡುಗನು ನಡುಗುತ್ತ ದೋಣಿಯನ್ನು ಹಿಂದಿರುಗಿಸುತ್ತಾನೆ. ದೂರ ಸರಿದಂತೆ ಹಿಂದಿನ ಶಿಖರ ಕಾಣಿಸುವುದು ನೋಟದ ಸಹಜ ನಿಯಮ. ಆದರೆ ಹುಡುಗನ ಮನಸ್ಸಿನಲ್ಲಿ ಅದು ಧರ್ಮದ ನಿಯಮವಾಗಿ ಪರಿಣಮಿಸಿತು. ಗುರುವೂ ಇಲ್ಲ, ಬೆತ್ತವೂ ಇಲ್ಲ, ಉಪದೇಶವೂ ಇಲ್ಲ. ಬೆಟ್ಟವೊಂದು ತಲೆಯೆತ್ತಿದುದರಿಂದಲೇ ತಪ್ಪಿನ ಅರಿವು ಮೂಡಿತು. ಪ್ರಕೃತಿಯು ಶಿಕ್ಷಕಳೆಂಬ ಮಾತನ್ನು ಎಷ್ಟೋ ಜನರು ಹೇಳಿರಬಹುದು. ಆ ಶಿಕ್ಷಣ ನಡೆಯುವ ಕ್ರಮವನ್ನು ಇಷ್ಟು ಹತ್ತಿರದಿಂದ ತೋರಿಸಿದವರು ವಿರಳ.

ಈ ತರುಣನು ಫ್ರಾನ್ಸಿಗೆ ಹೋಗಿ ಕ್ರಾಂತಿಯನ್ನು ಕಣ್ಣಾರೆ ಕಂಡನು. ಬಳಿಕ ಅದು ರಕ್ತಪಾತಕ್ಕೆ ತಿರುಗಿತು. ೧೭೯೩ರಲ್ಲಿ ತನ್ನ ದೇಶವೂ ಫ್ರಾನ್ಸೂ ಯುದ್ಧಕ್ಕೆ ನಿಂತುವು. ನಂಬಿದ್ದ ಆದರ್ಶಗಳೆಲ್ಲ ಕುಸಿದು ಮನಸ್ಸು ಬರಿದಾದಾಗ ಅವನನ್ನು ಮೇಲೆತ್ತಿದವರು ತಂಗಿ ಡಾರಥಿ, ಗೆಳೆಯ ಕೋಲ್‌ರಿಜ್ ಮತ್ತು ಹಳ್ಳಿಗಾಡಿನ ಬಾಳು. ೧೭೯೮ರ ಜುಲೈ ತಿಂಗಳಲ್ಲಿ, ಐದು ವರ್ಷಗಳ ಅನಂತರ ಎರಡನೆಯ ಸಲ ವೈ ನದಿಯ ಕಣಿವೆಯನ್ನು ಕಂಡು ಟಿಂಟರ್ನ್ ಮಠದ ಪರಿಸರವನ್ನು ಹೆಸರಿನಲ್ಲಿ ಹೊತ್ತ ಕವಿತೆಯನ್ನು ರಚಿಸಿದನು. ಬಾಲ್ಯದಲ್ಲಿ ಪ್ರಕೃತಿ ಮೈಯ ಸಂತೋಷ. ಯೌವನದಲ್ಲಿ ಕಣ್ಣಿನ ಹಸಿವು. ಪ್ರೌಢತೆಯಲ್ಲಿ ಮನುಷ್ಯರ ದುಃಖವನ್ನೂ ಕೇಳಿಸುವ ಗಂಭೀರ ಸಾನ್ನಿಧ್ಯ: ಈ ಮೂರು ಮೆಟ್ಟಿಲುಗಳನ್ನು ಅಲ್ಲಿ ಗುರುತಿಸಬಹುದು. ಪ್ರಕೃತಿಯ ಪ್ರೇಮವು ಜನರಿಂದ ಓಡಿಹೋಗುವುದಲ್ಲ, ಅದು ಜನರ ಬಳಿಗೆ ಮರಳುವ ದಾರಿಯೆಂಬುದು ಅವನ ಮತ.

ಅದೇ ೧೭೯೮ರಲ್ಲಿ ವರ್ಡ್ಸ್‌ವರ್ತನೂ ಕೋಲ್‌ರಿಜನೂ ಕೂಡಿ ‘ಲಿರಿಕಲ್ ಬ್ಯಾಲಡ್ಸ್’ ಎಂಬ ಸಂಕಲನವನ್ನು ಹೊರತಂದರು. ೧೮೦೦ರ ಮುದ್ರಣಕ್ಕೆ ವರ್ಡ್ಸ್‌ವರ್ತನು ಬರೆದ ಪೀಠಿಕೆಯಲ್ಲಿ ಕಾವ್ಯದ ಭಾಷೆಯನ್ನು ಕುರಿತ ವಿಚಾರ ಬರುತ್ತದೆ. ರೂಢಿಯ ಕವಿಸಮಯದ ಮಾತುಗಳನ್ನು ತೊರೆದು, ಹಳ್ಳಿಯ ಸಾಮಾನ್ಯ ಜನರು ನಿಜವಾಗಿ ಆಡುವ ನುಡಿಯಿಂದಲೇ ಕವಿಯು ತನ್ನ ನುಡಿಯನ್ನು ಆರಿಸಿಕೊಳ್ಳಬೇಕೆಂದು ಅವನು ವಾದಿಸಿದನು. ನೆಲದೊಡನೆ ನಿತ್ಯ ವ್ಯವಹಾರವುಳ್ಳ ಜನರ ಮಾತು ಸಹಜವೂ ಸ್ಥಿರವೂ ಆದುದೆಂಬುದು ಅವನ ಕಾರಣ. ಪ್ರಕೃತಿಯನ್ನು ಕುರಿತ ಸಿದ್ಧಾಂತವೂ ಭಾಷೆಯನ್ನು ಕುರಿತ ಸಿದ್ಧಾಂತವೂ ಒಂದೇ ಬೇರಿನಿಂದ ಹೊರಟುವೆಂಬುದನ್ನು ನಾವು ಲಕ್ಷ್ಯದಲ್ಲಿಡಬೇಕು. ಇದಕ್ಕೆ ಮೊದಲೇ, ೧೭೮೬ರಲ್ಲಿ, ಸ್ಕಾಟ್ಲೆಂಡಿನ ರೈತಕವಿ ರಾಬರ್ಟ್ ಬರ್ನ್ಸನು ತನ್ನ ನಾಡಿನ ನುಡಿಯಲ್ಲಿ ಕವಿತೆಗಳನ್ನು ಪ್ರಕಟಿಸಿ ಮಾರ್ಗ ತೋರಿದ್ದನು. ನೇಗಿಲ ಕುಳಕ್ಕೆ ಸಿಕ್ಕಿ ಗೂಡು ಮುರಿದ ಹೊಲದ ಇಲಿಯನ್ನು ಕಂಡು ಅವನು ಮರುಗಿದ ಕವಿತೆಯು ಲಂಡನ್ನಿನ ನಯನುಡಿಯಲ್ಲಿ ಹುಟ್ಟಲಾರದು.

ಹೀಗೆಂದಮಾತ್ರಕ್ಕೆ ರಮ್ಯಕವಿಗಳೆಲ್ಲರೂ ಏಕಕಂಠದಿಂದ ಮಾತಾಡಿದರೆಂದು ತಿಳಿಯಬಾರದು. ಪ್ರಬಲವಾದ ಆಕ್ಷೇಪ ಬಂದುದು ಜೊತೆಗಾರ ಕೋಲ್‌ರಿಜನಿಂದಲೇ. ೧೮೦೨ರಲ್ಲಿ, ಅನಾರೋಗ್ಯ ಮತ್ತು ಮನೋವ್ಯಥೆಗಳಿಂದ ಬಳಲಿದ ಅವನು ವಿಷಾದವನ್ನು ಕುರಿತ ತನ್ನ ಕವಿತೆಯಲ್ಲಿ ಕಠಿಣವಾದ ಸತ್ಯವೊಂದನ್ನು ಎದುರಿಸಿದನು. ಚಂದ್ರ, ನಕ್ಷತ್ರ, ಮೋಡಗಳು ಎಂದಿನಂತೆಯೇ ಸುಂದರವಾಗಿವೆ. ಆ ಚೆಲುವು ಕಣ್ಣಿಗೆ ಕಾಣುತ್ತದೆ, ಎದೆಗೆ ತಟ್ಟುವುದಿಲ್ಲ. ಹಾಗಾದರೆ ಗುಣಪಡಿಸುವ ಶಕ್ತಿ ಪ್ರಕೃತಿಯಲ್ಲಿದೆಯೋ, ನೋಡುವವನ ಒಳಗಿದೆಯೋ? ಒಳಗಿನ ಬೆಳಕು ಆರಿದವನಿಗೆ ಹೊರಗಿನದು ಯಾವುದೂ ಬೆಳಕನ್ನು ಕೊಡಲಾರದೆಂದು ಅವನು ಉತ್ತರಿಸಿಕೊಂಡನು. ಈ ಸಂದೇಹದಿಂದ ಆ ಕಾವ್ಯದ ಬೆಲೆ ಕುಂದಲಿಲ್ಲ, ಹೆಚ್ಚಿತು. ಪ್ರಕೃತಿಸ್ತುತಿ ಭೋಳೆತನವಾಗದಂತೆ ಅದು ಕಾಪಾಡಿತು.

ಪ್ರಕೃತಿಯ ಇನ್ನೊಂದು ಮುಖ ಮುಂದಿನ ಪೀಳಿಗೆಗೆ ಎದುರಾಯಿತು. ೧೮೧೫ರ ಏಪ್ರಿಲಿನಲ್ಲಿ ಇಂದಿನ ಇಂಡೊನೇಷ್ಯದ ಸುಂಬಾವಾ ದ್ವೀಪದ ತಾಂಬೋರಾ ಅಗ್ನಿಪರ್ವತವು ಸಿಡಿಯಿತು. ಅದು ಆಕಾಶಕ್ಕೆಸೆದ ಗಂಧಕದ ಅನಿಲದಿಂದ ಹುಟ್ಟಿದ ಸೂಕ್ಷ್ಮಕಣಗಳ ತೆರೆಯು ವಾಯುಮಂಡಲದಲ್ಲಿ ಹರಡಿ ಬಿಸಿಲಿಗೆ ಅಡ್ಡವಾಗಿ, ಮರುವರ್ಷ ಯುರೋಪು, ಉತ್ತರ ಅಮೆರಿಕಗಳಲ್ಲಿ ಬೇಸಗೆಯೇ ಬರಲಿಲ್ಲ. ಬೆಳೆ ಹಾಳಾಗಿ ಜನ ಹಸಿದರು. ಆ ೧೮೧೬ರ ಮಳೆಗಾಳಿಯ ಬೇಸಗೆಯಲ್ಲಿ ಬೈರನ್, ಪರ್ಸಿ ಶೆಲ್ಲಿ, ಮುಂದೆ ಅವನ ಪತ್ನಿಯಾದ ಮೇರಿ ಇವರು ಜಿನೀವಾ ಸರೋವರದ ದಡದಲ್ಲಿದ್ದರು. ಕಾರಣವು ದೂರದ ಸಮುದ್ರದ ಅಗ್ನಿಪರ್ವತವೆಂಬುದು ಅವರಿಗೆ ತಿಳಿದಿರಲಿಲ್ಲ. ಅದನ್ನು ವಿಜ್ಞಾನಿಗಳು ಕಂಡುಕೊಂಡುದು ಬಹುಕಾಲದ ಮೇಲೆ. ಪರಿಣಾಮವನ್ನು ಮಾತ್ರ ಅವರು ಅನುಭವಿಸಿದರು. ಬೈರನ್ನನು ಸೂರ್ಯನೇ ನಂದಿಹೋದ ಲೋಕದ ಭೀಕರ ಕಲ್ಪನೆಯನ್ನು ‘ಡಾರ್ಕ್‌ನೆಸ್’ ಎಂಬ ಕವಿತೆಯಾಗಿಸಿದನು. ಪ್ರಕೃತಿಯ ಗುಟ್ಟನ್ನು ಕಸಿದು ಜೀವವನ್ನು ನಿರ್ಮಿಸಹೊರಟ ವಿಜ್ಞಾನಿಯ ದುರಂತವನ್ನು ಮೇರಿಯು ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯಾಗಿ ಬರೆದು ೧೮೧೮ರಲ್ಲಿ ಪ್ರಕಟಿಸಿದಳು.

ಶೆಲ್ಲಿಯು ಅದೇ ಬೇಸಗೆಯಲ್ಲಿ ಆಲ್ಪ್ಸ್ ಪರ್ವತಗಳ ಅತ್ಯುನ್ನತ ಶಿಖರವಾದ ಮೋಂ ಬ್ಲಾಂ ಎದುರಿಗೆ ನಿಂತನು. ವರ್ಡ್ಸ್‌ವರ್ತನ ಬೆಟ್ಟ ಬಾಲಕನನ್ನು ತಿದ್ದಿತು. ಶೆಲ್ಲಿಯ ಪರ್ವತಕ್ಕೆ ಮನುಷ್ಯನ ಗೊಡವೆಯಿಲ್ಲ. ಅದರ ಹಿಮನದಿಗಳು ಊರು, ಕಾಡು, ಜೀವಗಳನ್ನು ವಿವೇಚನೆಯಿಲ್ಲದೆ ಅರೆದುಹಾಕುತ್ತವೆ. ಆದರೆ ಮನುಷ್ಯ ಕಟ್ಟಿಕೊಂಡ ಮೋಸದ ಕಟ್ಟಳೆಗಳು ಆ ಮೌನದ ಎದುರಿಗೆ ನಿಲ್ಲಲಾರವೆಂಬ ಧೈರ್ಯವನ್ನೂ ಅವನು ಅದರಿಂದಲೇ ಪಡೆದನು. ೧೮೧೯ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ ಮೈದಾನದಲ್ಲಿ ಮತದಾನದ ಹಕ್ಕನ್ನು ಕೇಳಿ ಶಾಂತವಾಗಿ ನೆರೆದ ಜನರ ಮೇಲೆ ಕುದುರೆಯ ದಂಡು ನುಗ್ಗಿ, ಹದಿನೈದಕ್ಕೆ ಕಡಮೆಯಿಲ್ಲದಷ್ಟು ಮಂದಿ ಸತ್ತರು. ಇಟಲಿಯಲ್ಲಿದ್ದ ಶೆಲ್ಲಿ ಆ ಸುದ್ದಿಯಿಂದ ಕನಲಿದನು. ಅದೇ ವರ್ಷದ ಶರತ್ಕಾಲದಲ್ಲಿ ಫ್ಲಾರೆನ್ಸಿನ ಹತ್ತಿರ ಆರ್ನೋ ನದಿಯ ತೋಪಿನಲ್ಲಿ ಅವನಿಗೆ ಹೊಳೆದ ಪಡುವಣ ಗಾಳಿಯ ಪ್ರಗಾಥದಲ್ಲಿ, ಒಣಗಿದೆಲೆಗಳನ್ನು ಉದುರಿಸುವ ಗಾಳಿಯೇ ಬೀಜಗಳನ್ನು ಹೊತ್ತು ಬಿತ್ತುವ ಗಾಳಿಯೂ ಆಗಿದೆ. ಹಳತನ್ನು ಅಳಿಸಿ ಹೊಸತನ್ನು ತರುವ ಆ ಬಲವನ್ನು ಅವನು ಜನತೆಯ ಏಳಿಗೆಗಾಗಿ ಬೇಡಿದನು. ೧೮೨೨ರ ಜುಲೈಯಲ್ಲಿ ಅದೇ ಇಟಲಿಯ ಕಡಲಿನ ಬಿರುಗಾಳಿಗೆ ಅವನ ದೋಣಿ ಸಿಕ್ಕಿ ಮುಳುಗಿತು. ಅವನಿಗಾಗ ಮೂವತ್ತು ವರ್ಷವೂ ತುಂಬಿರಲಿಲ್ಲ.

ಅದೇ ೧೮೧೯ರ ಸೆಪ್ಟೆಂಬರಿನಲ್ಲಿ ವಿಂಚೆಸ್ಟರಿನ ಕೊಯ್ಲಾದ ಹೊಲಗಳನ್ನು ನೋಡಿ ಬಂದು ಕೀಟ್ಸನು ಶರತ್ತನ್ನು ಕುರಿತು ಬರೆದ ಕವಿತೆಯಲ್ಲಿ ಉಪದೇಶವೂ ಇಲ್ಲ, ಬೇಡಿಕೆಯೂ ಇಲ್ಲ. ಹಣ್ಣು ಮಾಗುತ್ತದೆ, ದಿನ ಮುಗಿಯುತ್ತದೆ, ಕವಿ ಅದನ್ನು ಒಪ್ಪಿಕೊಳ್ಳುತ್ತಾನೆ. ಒಂದೂವರೆ ವರ್ಷದೊಳಗೆ, ೨೫ರ ವಯಸ್ಸಿನಲ್ಲಿ, ಅವನು ಕ್ಷಯರೋಗದಿಂದ ರೋಮಿನಲ್ಲಿ ತೀರಿಕೊಂಡನು.

ಇವರೆಲ್ಲರ ಕೀರ್ತಿಯ ನೆರಳಿನಲ್ಲಿ ಬಹುಕಾಲ ಮರೆಯಾಗಿದ್ದವನು ಜಾನ್ ಕ್ಲೇರ್. ನಮ್ಮ ಗಮನಕ್ಕೆ ಅತ್ಯಂತ ಅರ್ಹನಾದವನು ಇವನೇ ಎಂದು ನಾವು ಭಾವಿಸುತ್ತೇವೆ. ೧೭೯೩ರಲ್ಲಿ ನಾರ್ತ್‌ಹ್ಯಾಂಪ್ಟನ್‌ಷೈರಿನ ಹೆಲ್ಪ್‌ಸ್ಟನ್ ಗ್ರಾಮದಲ್ಲಿ ಕೂಲಿಕಾರನ ಮಗನಾಗಿ ಹುಟ್ಟಿದ ಇವನು ತಾನೂ ಕೂಲಿ ಮಾಡಿದನು. ಇತರ ಕವಿಗಳು ಪ್ರಕೃತಿಯನ್ನು ಕಾಣಲು ಹೋದರು. ಕ್ಲೇರನು ಅದರಲ್ಲಿ ದುಡಿದನು. ಯಾವ ಹಕ್ಕಿ ಯಾವ ಪೊದೆಯಲ್ಲಿ ಎಷ್ಟು ಮೊಟ್ಟೆಯಿಡುತ್ತದೆ, ಮೊಟ್ಟೆಯ ಮೇಲಿನ ಚುಕ್ಕೆ ಯಾವ ಬಣ್ಣದ್ದು ಎಂಬುದು ಅವನಿಗೆ ಅಂಗೈನೆಲ್ಲಿ. ಅದನ್ನು ಹೇಳಲು ಅವನಲ್ಲಿ ತಕ್ಕ ಮಾತುಗಳೂ ಇದ್ದುವು. ನೀರಿನ ಮೇಲೆ ಹಿಮದ ತೆಳ್ಳನೆಯ ಕೆನೆ ಕಟ್ಟತೊಡಗುವುದಕ್ಕೆ ಅವನ ಊರಿನ ಮಾತು ‘ಕ್ರಿಝಲ್’. ಬಸವನಹುಳುವಿನ ಚಿಪ್ಪಿಗೆ ‘ಪೂಟಿ’. ೧೮೨೦ರಲ್ಲಿ ಅವನ ಮೊದಲ ಕವನಸಂಗ್ರಹ ಬಂದಾಗ ಲಂಡನ್ನು ಈ ರೈತಕವಿಯನ್ನು ಕಂಡು ಬೆರಗಾಯಿತು. ಕೀಟ್ಸನ ಪುಸ್ತಕಗಳನ್ನೂ ಪ್ರಕಟಿಸಿದ್ದ ಜಾನ್ ಟೇಲರನೇ ಅವನ ಪ್ರಕಾಶಕ. ಟೇಲರನು ಸಹೃದಯನೇ. ಆದರೂ ಪೇಟೆಯ ಓದುಗರಿಗೆ ಒಪ್ಪಿಗೆಯಾಗಲೆಂದು ಕ್ಲೇರನ ವ್ಯಾಕರಣವನ್ನು ತಿದ್ದಿದನು, ಹಲವು ಊರಮಾತುಗಳನ್ನು ತೆಗೆದನು, ೧೮೨೭ರ ‘ಕುರುಬನ ಪಂಚಾಂಗ’ವನ್ನು ಬಹಳವಾಗಿ ಕತ್ತರಿಸಿದನು.

ಇಷ್ಟರಲ್ಲಿ ಅವನ ನೆಲಕ್ಕೂ ಕತ್ತರಿ ಬಿದ್ದಿತ್ತು. ಹೆಲ್ಪ್‌ಸ್ಟನ್ನಿಗೆ ಬೇಲಿ ಹಾಕುವ ಕಾಯಿದೆ ಬಂದುದು ೧೮೦೯ರಲ್ಲಿ. ಹಂಚಿಕೆ ಪೂರ್ಣಗೊಂಡುದು ೧೮೨೦ರಲ್ಲಿ. ಹಾದಿಗಳು ಮುಚ್ಚಿದುವು, ಹಳೆಯ ಮರಗಳು ಉರುಳಿದುವು, ತೊರೆಗಳ ದಿಕ್ಕು ಬದಲಾಯಿತು. ಸ್ವೋರ್ಡಿ ವೆಲ್ ಎಂಬ ನೆಲದ ತುಂಡನ್ನು ಕುರಿತ ಕವಿತೆಯಲ್ಲಿ ಕ್ಲೇರನು ಆ ನೆಲವೇ ಎದ್ದುನಿಂತು ತನ್ನ ಗೋಳನ್ನು ತಾನೇ ಹೇಳುವಂತೆ ಮಾಡಿದ್ದಾನೆ. ಮನುಷ್ಯನಿಗೆ ಕಲಿಸುವ, ಮನುಷ್ಯನನ್ನು ಅರೆಯುವ ಪ್ರಕೃತಿಯನ್ನು ಹಿಂದಿನ ಕವಿಗಳು ತೋರಿಸಿದರು. ಮನುಷ್ಯನಿಂದ ಗಾಯಗೊಂಡ ಪ್ರಕೃತಿಯ ಬಾಯಿಗೆ ಮಾತು ಕೊಟ್ಟವನು ಈ ಕೂಲಿಕಾರ. ೧೮೩೨ರಲ್ಲಿ ಅವನು ಮೂರು ಮೈಲಿ ದೂರದ ಊರಿಗೆ ಸಂಸಾರದೊಡನೆ ಹೋಗಬೇಕಾಯಿತು. ನಮಗೆ ಮೂರು ಮೈಲಿ ಏನೂ ಅಲ್ಲ. ಅವನಿಗೆ ಅದು ಪರದೇಶವಾಯಿತು. ೧೮೩೭ರಲ್ಲಿ ಅವನನ್ನು ಮಾನಸಿಕ ರೋಗಿಗಳ ಆಲಯಕ್ಕೆ ಸೇರಿಸಿದರು. ೧೮೪೧ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು, ಹಸಿವಿಗೆ ದಾರಿಯ ಹುಲ್ಲನ್ನು ತಿಂದು, ಸುಮಾರು ೮೦ ಮೈಲಿಗಳನ್ನು ನಾಲ್ಕು ದಿನಗಳಲ್ಲಿ ನಡೆದು ಮನೆಗೆ ಬಂದನು. ವರ್ಷ ಮುಗಿಯುವುದರೊಳಗೆ ಮತ್ತೆ ಆಲಯಕ್ಕೆ ಹೋಗಬೇಕಾಯಿತು. ೧೮೬೪ರಲ್ಲಿ ಅಲ್ಲಿಯೇ ಮಡಿದನು. ಇಪ್ಪತ್ತನೆಯ ಶತಮಾನದಲ್ಲಿ ವಿದ್ವಾಂಸರು ಅವನ ಹಸ್ತಪ್ರತಿಗಳನ್ನು ಶೋಧಿಸಿ, ತಿದ್ದುಪಡಿಗಳನ್ನು ಕಳೆದು, ಅವನ ಊರಮಾತನ್ನು ಅವನಿಗೆ ಮರಳಿಸಿದರು. ಇಂದು ಕ್ಲೇರನ ಕೀರ್ತಿ ಬೆಳೆಯುತ್ತಿರುವುದು ಅಂದು ತೆಗೆದುಹಾಕಿದ ಆ ಮಾತುಗಳ ಬಲದಿಂದಲೂ ಹೌದು.

ಈ ಕಾವ್ಯದಿಂದ ಲೋಕಕ್ಕೆ ಏನಾಯಿತೆಂದು ಕೇಳಬಹುದು. ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ಲನು ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಬಾಳಿನ ಸ್ವಾರಸ್ಯವನ್ನೇ ಕಳೆದುಕೊಂಡು ಕುಗ್ಗಿದ್ದಾಗ, ೧೮೨೮ರಲ್ಲಿ ಓದಿದ ವರ್ಡ್ಸ್‌ವರ್ತನ ಕವಿತೆಗಳು ಚೇತರಿಕೆಗೆ ನೆರವಾದುವೆಂದು ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಇನ್ನೊಂದು ಫಲ ನೆಲದ ಮೇಲೆಯೇ ಕಾಣುತ್ತದೆ. ೧೮೪೪ರಲ್ಲಿ ಕೆಂಡಲಿನಿಂದ ವಿಂಡರ್‌ಮಿಯರಿಗೆ ರೈಲುದಾರಿ ಹಾಕುವ ಯೋಜನೆ ಬಂದಾಗ ಎಪ್ಪತ್ತನಾಲ್ಕರ ವರ್ಡ್ಸ್‌ವರ್ತನು ಪತ್ರಿಕೆಗೆ ಬರೆದು ವಿರೋಧಿಸಿದನು. ಸಾಮಾನ್ಯರ ಕವಿಯು ಸಾಮಾನ್ಯರು ಬರುವುದನ್ನು ತಡೆಯುತ್ತಾನೆಯೇ ಎಂಬ ಟೀಕೆ ಬಂದಿತು. ಆ ಟೀಕೆಯಲ್ಲಿ ಹುರುಳಿಲ್ಲವೆನ್ನಲಾಗದು. ೧೮೪೭ರಲ್ಲಿ ರೈಲು ಬಂದಿತು. ಆದರೆ ಅಲ್ಲಿಂದ ಮುಂದಕ್ಕೆ, ಗ್ರಾಸ್ಮಿಯರಿನ ಕಡೆಗೆ ಹೋಗಲಿಲ್ಲ. ಸರೋವರಗಳ ನಾಡು ನೋಡಬಲ್ಲ ಕಣ್ಣು, ನಲಿಯಬಲ್ಲ ಹೃದಯವುಳ್ಳ ಪ್ರತಿಯೊಬ್ಬನಿಗೂ ಸೇರಿದ ರಾಷ್ಟ್ರದ ಸೊತ್ತೆಂಬ ಭಾವನೆಯನ್ನು ಅವನೇ ಹಿಂದೆ ತನ್ನ ಮಾರ್ಗದರ್ಶಿ ಗ್ರಂಥದಲ್ಲಿ ಬಿತ್ತಿದ್ದನು. ಅದು ಫಲಿಸಿ ೧೮೯೫ರಲ್ಲಿ ಹಾರ್ಡ್ವಿಕ್ ರಾನ್ಸ್‌ಲೀ, ಆಕ್ಟೇವಿಯ ಹಿಲ್, ರಾಬರ್ಟ್ ಹಂಟರ್ ಎಂಬವರು ಚೆಲುವಿನ ತಾಣಗಳನ್ನು ಜನರ ಪರವಾಗಿ ಕಾಯುವ ನ್ಯಾಷನಲ್ ಟ್ರಸ್ಟನ್ನು ಸ್ಥಾಪಿಸಿದರು. ೧೯೫೧ರಲ್ಲಿ ಆ ನಾಡು ರಾಷ್ಟ್ರೀಯ ಉದ್ಯಾನವಾಯಿತು; ೨೦೧೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇದೇ ಕಾವ್ಯ ಕಾಲೇಜುಗಳ ಪಠ್ಯವಾಗಿ ಕಡಲು ದಾಟಿ ನಮ್ಮ ತರುಣರ ಕೈಗೆ ಬಂದಿತು. ೧೯೧೯ರಲ್ಲಿ ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’, ೧೯೨೬ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬೆಳಕು ಕಂಡುವು. ಬರ್ನ್ಸ್, ವರ್ಡ್ಸ್‌ವರ್ತ್, ಶೆಲ್ಲಿ ಮೊದಲಾದವರನ್ನು ‘ಶ್ರೀ’ಯವರು ಕನ್ನಡಿಸಿದಾಗ ಹೊಸ ಭಾವದ ಜೊತೆಗೆ ಹೊಸ ಲಯವೂ, ಆಡುನುಡಿಗೆ ಹತ್ತಿರವಾದ ಹೊಸ ನುಡಿಯೂ ಬಂದಿತು. ಅದಕ್ಕೂ ಮೊದಲು, ೧೯೧೧ರಲ್ಲಿಯೇ, ನಮ್ಮ ಮಂಜೇಶ್ವರದ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ತೊರೆದು ಆ ಹರಿವಿಗೆ ಒಡ್ಡನ್ನು ತೆರೆದಿದ್ದರು. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಅವರು ವರ್ಡ್ಸ್‌ವರ್ತ್, ಶೆಲ್ಲಿಯರ ಪ್ರಭಾವದಲ್ಲಿ ಮೊದಲು ಇಂಗ್ಲಿಷಿನಲ್ಲಿಯೇ ಕವಿತೆ ಬರೆದರು. ಅವನ್ನು ನೋಡಿದ ಐರಿಷ್ ಕವಿ ಜೇಮ್ಸ್ ಕಸಿನ್ಸರು ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದ ಮೇಲೆ ಆ ಲೇಖನಿ ಕನ್ನಡಕ್ಕೆ ತಿರುಗಿತು. ಮಲೆನಾಡಿನ ಕಾಡು ತನ್ನ ಮಾತಿನಲ್ಲಿಯೇ ಮಾತಾಡತೊಡಗಿತು. ಪರಭಾಷೆಯ ಕಾವ್ಯದಿಂದ ನಿಜವಾದ ಪಾಠವನ್ನು ಕಲಿಯುವುದೆಂದರೆ ಇದು. ವರ್ಡ್ಸ್‌ವರ್ತನ ಹೂವನ್ನು ನಮ್ಮ ಅಂಗಳದಲ್ಲಿ ನೆಡುವುದರಿಂದ ಪ್ರಯೋಜನವಿಲ್ಲ. ಅವನು ತನ್ನ ನೆಲವನ್ನು ನೋಡಿದ ಬಗೆಯಲ್ಲಿ ನಾವು ನಮ್ಮ ನೆಲವನ್ನು ನೋಡಬೇಕು.

ಇಷ್ಟನ್ನೂ ಕೂಡಿಸಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ರಮ್ಯಕಾವ್ಯದ ಪ್ರಕೃತಿಶಕ್ತಿಯು ಎಲ್ಲಿಯೂ ಇರುವ, ಹೆಸರಿಲ್ಲದ ಪ್ರಕೃತಿಯಿಂದ ಹೊರಟುದಲ್ಲ. ಅದಕ್ಕೆ ಊರುಂಟು, ಹೊಳೆಯುಂಟು, ಬೆಟ್ಟದ ಹೆಸರುಂಟು. ಆ ಹೆಸರನ್ನು ಕರೆಯುವ ಜನರ ಮಾತುಂಟು. ನೆಲದಿಂದ ಮಾತನ್ನು ಬೇರ್ಪಡಿಸಿದರೆ ಎರಡೂ ಸೊರಗುತ್ತವೆಂಬುದಕ್ಕೆ ಕ್ಲೇರನ ಬಾಳೇ ಸಾಕ್ಷಿ. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದ ಮನೆಗಳಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ನಮ್ಮ ಹಿತ್ತಿಲಿನ ಗಿಡಬಳ್ಳಿಗಳಿಗೆ, ಹೊಲಗದ್ದೆಯ ಹಕ್ಕಿಗಳಿಗೆ, ಮಳೆಗಾಳಿಯ ಬೇರೆ ಬೇರೆ ಬಗೆಗಳಿಗೆ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಹೆಸರುಗಳಿವೆ. ಅವುಗಳಲ್ಲಿ ಎಷ್ಟೋ ನಿಘಂಟಿಗೆ ಸೇರಿಲ್ಲ, ಪಠ್ಯಪುಸ್ತಕಕ್ಕೂ ಬಂದಿಲ್ಲ. ಮಕ್ಕಳು ಅವನ್ನು ಅಜ್ಜ ಅಜ್ಜಿಯರಿಂದ ಕೇಳಿ, ಗುರುತಿಸಿ, ಬರೆದಿಡಲಿ. ಶಾಲೆಯ ಉಪಾಧ್ಯಾಯರು ಅದಕ್ಕೆ ನೆರವಾಗಲಿ. ನಾಳೆ ಈ ಮಣ್ಣಿನಲ್ಲಿ ಹುಟ್ಟುವ ಕವಿಗೆ ಮೊದಲ ಮಾತುಗಳು ದೊರೆಯುವುದು ಆ ಬರಹದಿಂದಲೇ ಆಗಬಹುದು.